ಚಿಕ್ಕವ್ವ ಕೂತಿದ್ದ ಮುಂದಿನ ಸೀಟು

ಟಿ. ನರಸೀಪುರದ ಹೊಳೆದಂಡೆಯಲ್ಲಿ ಬೆಳಗಾಗುವ ಹೊತ್ತಿಗೆ ತೆಪ್ಪಗಳು ದಡ ಮುಟ್ಟುತ್ತಿದ್ದವು. ಯಾವ ಹೆಂಗಸಿಗೆ ಯಾವ ಮೀನು ಎಂದು ಹೇಳುತ್ತಿದ್ದವನು ಹೊಳೆಯ ಮೀನಿನ ಗುತ್ತಿಗೆದಾರ. ಗಂಡಂದಿರು ಬಲೆಗೆ ಹೋಗುತ್ತಿದ್ದವರ ಬುಟ್ಟಿ ಮೊದಲು ತುಂಬುತ್ತಿತ್ತು. ಅವ್ವನ ತಂಗಿ, ನನ್ನ ಚಿಕ್ಕವ್ವ, ಗಂಡ ಸತ್ತವಳು. ಅವಳನ್ನು ಕೊನೆಯವರೆಗೂ ನಿಲ್ಲಿಸಿ, ಬಲೆ ಇಡುವ ಶೆಡ್ಡಿಗೆ ಕರೆಯುತ್ತಿದ್ದ. ಹೊರಗೆ ಬಂದಾಗ ಅವಳ ಬುಟ್ಟಿಯಲ್ಲಿ ದಪ್ಪ ಕಾಟ್ಲಾ ಇರುತ್ತಿತ್ತು. ಉಳಿದ ಹೆಂಗಸರು ಅವಳ ಮುಖ ನೋಡದೆ ಮೀನನ್ನಷ್ಟೇ ನೋಡಿ ನಗುತ್ತಿದ್ದರು. ಅವ್ವ ಸಿಂಬೆ ಸುತ್ತಿಕೊಳ್ಳುತ್ತಾ ಬೇರೆ ಕಡೆ ತಿರುಗಿರುತ್ತಿದ್ದಳು.

ನಾವು ಮಾರಲು ಹೋಗುತ್ತಿದ್ದುದು ನಂಜನಗೂಡು, ಹುಲ್ಲಹಳ್ಳಿ ಕಡೆಗೆ. ಬಸ್ಸಿನಲ್ಲಿ ಹೋಗೋಣವೆಂದರೆ ಕಂಡಕ್ಟರು, "ನಾತ ಕಣ್ರಮ್ಮ, ಜನ ವಾಂತಿ ಮಾಡ್ಕತ್ತಾರೆ, ಇಳೀರಿ," ಎಂದು ಬುಟ್ಟಿಗಳನ್ನು ರಸ್ತೆಗೆ ಇಳಿಸಿಬಿಡುತ್ತಿದ್ದ. ಹಾಗಾಗಿ ನಮಗೆ ಒಂದು ಗೂಡ್ಸ್ ಟೆಂಪೋವೇ ಗತಿ. ಅದರ ಡ್ರೈವರು, ನಮ್ಮಲ್ಲಿ ಒಬ್ಬಳು ಮುಂದೆ ಕೂರಬೇಕು ಎನ್ನುತ್ತಿದ್ದ. ಯಾರು ಎಂಬುದನ್ನೂ ಅವನೇ ಹೇಳುತ್ತಿದ್ದ.

ಚಿಕ್ಕವ್ವ ಒಂದು ದಿನ ಹತ್ತಲಾರೆ ಎಂದು ನಿಂತಳು.

"ನೀ ಮುಂದ್ಗಡೆ ಕೂತ್ಕಳ್ಳಿಲ್ಲ ಅಂದ್ರೆ ನಮ್ಮುನ್ನೂ ಅತ್ತಿಸ್ಕಳಲ್ಲ ಅವ್ನು," ಅಂದಳು ಅವ್ವ. "ಮೀನು ಕೊಳೀತದೆ. ಅತ್ಕೊ."

ಚಿಕ್ಕವ್ವ ಹತ್ತಿದಳು. ಹಿಂದುಗಡೆ ಬುಟ್ಟಿಗಳ ನಡುವೆ ನಾವು ಐದು ಜನ ಕೂತೆವು. ದಾರಿಯಲ್ಲಿ ಟೆಂಪೋ ಕಬ್ಬಿನ ಗದ್ದೆಯ ಪಕ್ಕ ನಿಂತರೆ ನಾವೆಲ್ಲ ಇಳಿದು ದೂರ ಹೋಗಿ ಎಲೆಅಡಿಕೆ ಹಾಕಿಕೊಳ್ಳುತ್ತಿದ್ದೆವು. ಹೀಗೆ ನಾಲ್ಕೈದು ವರ್ಷ ನಡೆಯಿತು.

ಆಮೇಲೆ ಅವಳಿಗೆ ಬಿಡದ ಜ್ವರ ಶುರುವಾಯಿತು. ಬಾಯಿ ತುಂಬ ಹುಣ್ಣು. ಬುಟ್ಟಿ ಎತ್ತಿಕೊಟ್ಟರೂ ಕತ್ತು ನಿಲ್ಲುತ್ತಿರಲಿಲ್ಲ. ಮೈಸೂರಿನಲ್ಲಿ ರಕ್ತ ಪರೀಕ್ಷೆ ಮಾಡಿಸಿದಳು. ಅಲ್ಲಿ ಹೇಳಿದ್ದು ಅವಳಿಗೆ ಅರ್ಥವಾಗಿರಲಿಲ್ಲ. ಚೀಟಿ ಇಂಗ್ಲಿಷಿನಲ್ಲಿತ್ತು, ಏಳನೇ ಕ್ಲಾಸಿನ ನನ್ನ ಓದು ಸಾಲಲಿಲ್ಲ. ನಂಜನಗೂಡಿನ ಒಂದು ಔಷಧಿ ಅಂಗಡಿಯಲ್ಲಿ ತೋರಿಸಿದೆ. ಅಂಗಡಿಯವನು ಓದಿ, ಚೀಟಿಯನ್ನು ಪೆನ್ನಿನ ತುದಿಯಿಂದ ನನ್ನ ಕಡೆಗೆ ತಳ್ಳಿದ. "ಏಡ್ಸು," ಎಂದ, ಎಲ್ಲರಿಗೂ ಕೇಳುವ ಹಾಗೆ.

ಮುಂದಿನ ವಾರದ ಹೊತ್ತಿಗೆ ಸುದ್ದಿ ಹುಲ್ಲಹಳ್ಳಿಗೂ ಹರಡಿತ್ತು, ಅಲ್ಲಿ ಚಿಕ್ಕವ್ವನ ಮೀನನ್ನು ಯಾರೂ ಮುಟ್ಟಲಿಲ್ಲ. ನನ್ನ ಹತ್ತಿರ ಬಂದ ಒಬ್ಬ ಹೆಂಗಸು, "ನೀನು ಅವಳ ಕಡೇವ್ಳೇನವ್ವ?" ಎಂದಳು. ಚಿಕ್ಕವ್ವ ಎರಡು ಮಾರು ದೂರದಲ್ಲಿ ಕೂತಿದ್ದಳು.

"ಅಲ್ಲ," ಎಂದೆ. "ನಮಗೂ ಅವಳ್ಗೂ ಏನೂ ಇಲ್ಲ."

ಹೆಂಗಸು ಎರಡು ಜಿಲೇಬಿ ಮೀನು ಕೊಂಡಳು. ಚಿಕ್ಕವ್ವ ತನ್ನ ಬುಟ್ಟಿಯ ಮೇಲೆ ಕೂರುತ್ತಿದ್ದ ನೊಣ ಓಡಿಸುತ್ತಲೇ ಇದ್ದಳು.

ಅವತ್ತೇ ಅವ್ವ ಅವಳ ತಟ್ಟೆ, ಲೋಟ, ಚಾಪೆಯನ್ನು ಹಿತ್ತಲಿನ ಆಡಿನ ಕೊಟ್ಟಿಗೆಗೆ ಸಾಗಿಸಿದಳು. ಚಿಕ್ಕವ್ವ ಜಗಳವಾಡಲಿಲ್ಲ. ನಾನು ಅನ್ನವನ್ನು ಮೇಲಿಂದ ಹಾಕಿ ಬರುತ್ತಿದ್ದೆ, ಸೌಟು ತಟ್ಟೆಗೆ ತಾಗದ ಹಾಗೆ.

ಕೆಲವು ದಿನ ಕಳೆದ ಮೇಲೆ ಅದೇ ಡ್ರೈವರು ನಮ್ಮ ಮನೆ ಮುಂದೆಯೇ ಟೆಂಪೋ ನಿಲ್ಲಿಸಿ, "ಇವತ್ತು ನಿನ್ನ ಮಗಳು ಮುಂದ್ಗಡೆ ಬರ್ಲಿ," ಎಂದ. ನನಗಾಗ ಇಪ್ಪತ್ತು. ಅವ್ವ ಬುಟ್ಟಿ ಕೆಳಗಿಟ್ಟಳು. ಮೀನು ಕೊಯ್ಯುವ ಮಚ್ಚನ್ನು ಕೈಗೆತ್ತಿಕೊಂಡು, "ಓಗ್ಲಾ! ಇನ್ನೊಂದ್ಸಲ ಈ ಬೀದೀಗ್ ಬಂದ್ರೆ ಕಡ್ದಾಕ್ತೀನಿ," ಎಂದು ಕೂಗಿದಳು. ಅವನು ಬೈಯುತ್ತಾ ಹೋದ. ಅಂದಿನಿಂದ ನಾವು ನಂಜನಗೂಡಿನ ದಾರಿ ಬಿಟ್ಟು, ಹತ್ತಿರದ ಹಳ್ಳಿಗಳಿಗೆ ಬುಟ್ಟಿ ಹೊತ್ತು ನಡೆದೇ ಮಾರಿದೆವು. ವ್ಯಾಪಾರ ಕಮ್ಮಿಯಾಯಿತು, ಆದರೆ ಬದುಕು ನಿಲ್ಲಲಿಲ್ಲ.

ಡ್ರೈವರನ್ನು ಓಡಿಸಿದ್ದು ಕೊಟ್ಟಿಗೆಯಿಂದ ಚಿಕ್ಕವ್ವನಿಗೆ ಕೇಳಿಸಿತ್ತು. ಅವತ್ತು ನಡೆದು ಮಾರಿ ಬಂದು, ಮಧ್ಯಾಹ್ನ ನಾನು ಅನ್ನ ಹಾಕಲು ಹೋದಾಗ ಅವ್ವನನ್ನು ಕರೆಯಲು ಹೇಳಿದಳು. ಅವ್ವ ಬಾಗಿಲಾಚೆ ನಿಂತಳು.

"ಅವತ್ತೂ ನಡ್ಕಂಡೇ ಓಗ್ಬೋದಾಗಿತ್ತಲ್ವೇನಕ್ಕ?" ಎಂದಳು ಚಿಕ್ಕವ್ವ.

ಅವ್ವ ಒಳಗೆ ಹೋಗಿ ಒಲೆ ಊದತೊಡಗಿದಳು.

ಮಳೆಗಾಲ ಮುಗಿಯುವಷ್ಟರಲ್ಲಿ ಚಿಕ್ಕವ್ವ ತೀರಿಕೊಂಡಳು. ಹೆಣ ತೊಳೆಯಲು ಬೀದಿಯ ಯಾವ ಹೆಂಗಸೂ ಬರಲಿಲ್ಲ. ಅವ್ವ ಎರಡೂ ಕೈಗೆ ಪ್ಲಾಸ್ಟಿಕ್ ಕವರ್ ಕಟ್ಟಿಕೊಂಡು ತಂಗಿಯ ಮೈ ತೊಳೆದಳು. ಕೂದಲು ತೊಳೆಯುವಾಗ ಕವರ್ ಜಾರಿ ಜಾರಿ ಬರುತ್ತಿತ್ತು. ಪ್ರತಿ ಸಲವೂ ನಿಲ್ಲಿಸಿ, ಹಲ್ಲಿನಲ್ಲಿ ದಾರ ಕಚ್ಚಿ ಬಿಗಿ ಮಾಡಿಕೊಂಡಳು. ನಾನು ಕೈ ನೀಳ ಚಾಚಿ, ಹನಿ ನನ್ನ ಮೇಲೆ ಸಿಡಿಯದ ಹಾಗೆ ನೀರು ಹುಯ್ದೆ.