ಓಟಗಾರ್ತಿಯ ಬಾಟಲಿ, ನನ್ನ ಬಡಿಸುವ ಕೈ

ಚಪ್ ಚಪ್ ಚಪ್, ಆಮೇಲೆ ಒಂದು ದೊಡ್ಡ ‘ಫುರ್ರ್’. ಪರ್ತ್‌ನ ಪಿಯಾರಾ ವಾಟರ್ಸ್‌ನಲ್ಲಿ ಮಗಳ ಮನೆಯಲ್ಲಿದ್ದಷ್ಟು ಕಾಲ ನನಗೆ ಬೆಳಗಾಗುತ್ತಿದ್ದದ್ದು ಈ ಸದ್ದಿಗೆ. ಮೊದಲನೆಯದು ಪಕ್ಕದ ಮನೆಯ ಅಮೆರಿಕನ್ ಹುಡುಗಿಯ ಶೂಗಳದ್ದು. ಎರಡನೆಯದು, ಅವಳು ಕರ್ಚೀಫಿನ ಹಂಗಿಲ್ಲದೆ ಓಡುತ್ತಲೇ ಒಂದು ಹೊಳ್ಳೆ ಒತ್ತಿ ಮೂಗು ಸೀಟುವುದು. ನಮ್ಮ ಕಾನ್ವೆಂಟಿನ ಸಿಸ್ಟರ್‌ಗಳು ಕೇಳಿದ್ದರೆ ಶಿಲುಬೆಯ ಗುರುತು ಹಾಕಿಕೊಂಡು ಮೂರ್ಛೆ ಹೋಗುತ್ತಿದ್ದರು. ಅವರ ಪ್ರಕಾರ ಲೇಡಿ ಅನ್ನಿಸಿಕೊಂಡವಳು ಓಡುವುದೇ ಇಲ್ಲ. ಕಾರಿಡಾರಿಗೆ ಬೆಂಕಿ ಬಿದ್ದರೂ ಡೀಸೆಂಟಾಗಿ ನಡೆದೇ ಹೊರಗೆ ಬರುತ್ತಾಳೆ. ನಾನು ಹಾಗೆ ನಡೆದು ನಡೆದೇ ಎಪ್ಪತ್ತು ದಾಟಿದ್ದೆ. ಕಿಟಕಿಯ ಪರದೆ ಸರಿಸಿ ಅವಳನ್ನು ನೋಡುವಾಗ, ನಿಜ ಹೇಳಬೇಕೆಂದರೆ, ಸ್ವಲ್ಪ ಹೊಟ್ಟೆಕಿಚ್ಚಾಗುತ್ತಿತ್ತು.

ಹುಡುಗಿ ಎಂದೆ, ಮೂವತ್ತೈದರ ಮೇಲಾಗಿತ್ತು. ಕಾಲೇಜು ಸ್ಕಾಲರ್‌ಶಿಪ್ ಕೊಟ್ಟು ಓಡಿಸಿತ್ತು, ಆಮೇಲೆ ಒಂದು ಶೂ ಕಂಪನಿ ಸಾಕಿತ್ತು. ಪಾದದ ಮೂಳೆ ಬಿರುಕು ಬಿಟ್ಟಾಗ ಅದೇ ಕಂಪನಿ ಒಂದು ಹೂಗುಚ್ಛ ಕಳಿಸಿ ಕೈತೊಳೆದುಕೊಂಡಿತು. ಅಷ್ಟರಲ್ಲಿ ಈ ದೇಶದವನನ್ನು ಮದುವೆಯಾಗಿ ಇಲ್ಲಿಗೆ ಬಂದಳು. ಅವನು ಗಣಿ ಕೆಲಸಕ್ಕೆಂದು ವಾರಗಟ್ಟಲೆ ಹೋಗುತ್ತಿದ್ದ, ಇವಳು ಒಬ್ಬಳೇ ಓಡುತ್ತಿದ್ದಳು. ಮುಂದಿನ ವರ್ಷ ಒಲಿಂಪಿಕ್ಸ್. ಅವಳ ದೇಶದ ತಂಡದ ಆಯ್ಕೆ ಓಟಕ್ಕೆ ಕಾಲಿಡಬೇಕಾದರೂ, ಮೊದಲು ಎಲ್ಲಾದರೂ ಒಂದು ಮ್ಯಾರಥಾನನ್ನು ಅವರು ಗೊತ್ತುಮಾಡಿದ ಸಮಯದೊಳಗೆ ಮುಗಿಸಿರಬೇಕಂತೆ. ಎರಡು ಸಲ ತಪ್ಪಿತ್ತು. ಇನ್ನೊಂದೇ ಸಲ, ಅದೂ ತಪ್ಪಿದರೆ ಶೂ ಕಳಚಿಟ್ಟು ಜೂಂಡಲಪ್‌ನಲ್ಲಿ ಯಾವುದಾದರೂ ಆಫೀಸಿನ ಕುರ್ಚಿ ನೋಡಿಕೊಳ್ಳುತ್ತೇನೆ ಎಂದಿದ್ದಳು.

“ಕೊನೆಯ ಹತ್ತು ಕಿಲೋಮೀಟರ್ ಯಾರೂ ಜೊತೆಗಿರಲ್ಲ ಆಂಟಿ. ನನಗೇ ಗೊತ್ತಾಗದ ಹಾಗೆ ನಿಧಾನ ಆಗ್ಬಿಡ್ತೀನಿ,” ಎನ್ನುತ್ತಿದ್ದಳು. ‘ಆಂಟಿ’ ನನ್ನ ಮಗಳು ಕಲಿಸಿದ್ದು. ಮಿಕ್ಕ ಮಾತೆಲ್ಲ ಇಂಗ್ಲಿಷು.

ಓಟದ ಹಿಂದಿನ ದಿನಗಳಲ್ಲಿ ಅವಳು ಉಣ್ಣುತ್ತಿದ್ದದ್ದು ಬರೀ ಬಿಳೀ ಅನ್ನ. “ಒಗ್ಗರಣೆಯೂ ಇಲ್ಲದ ಅನ್ನ ನಮ್ಮಲ್ಲಿ ಸತ್ತವರಿಗೆ ಇಡೋದು ಕಣೇ,” ಎಂದರೆ, “ಕೊನೇ ಮೈಲಿಯಲ್ಲಿ ನಾನೂ ಹಾಗೇ ಇರ್ತೀನಿ ಬಿಡಿ,” ಎಂದು ನಕ್ಕಳು.

ಅಷ್ಟರಲ್ಲಿ ಮಗಳ ಕೆಲಸ ಅಡಿಲೇಡ್‌ಗೆ ಹೋಯಿತು. ನಾವು ಅಲ್ಲಿನ ಸ್ಯಾಲಿಸ್‌ಬರಿ ಬಡಾವಣೆಗೆ ಬಂದೆವು. ಆ ಹುಡುಗಿಯ ಕೊನೆಯ ಅವಕಾಶದ ಓಟವೂ ಅಡಿಲೇಡ್‌ನಲ್ಲೇ. ನಮ್ಮ ಮನೆಯಲ್ಲೇ ಉಳಿದುಕೊಂಡಳು. ಮುಂದಿನ ಸಾಲಿನ ಓಟಗಾರರಿಗೆ ಅವರವರ ಬಾಟಲಿಯನ್ನು ದಾರಿಬದಿಯ ಟೇಬಲ್ಲಿನ ಹತ್ತಿರ ಒಬ್ಬರು ಹಿಡಿದು ನಿಲ್ಲಬೇಕು. “ಆಂಟಿ, ನೀವೇ ಹಿಡಿಯಿರಿ,” ಎಂದಳು. ನನಗೋ ಜಂಬ. ಸೀರೆಯ ಮೇಲೊಂದು ಕಿತ್ತಳೆ ಬಣ್ಣದ ವೆಸ್ಟ್ ತೊಟ್ಟು, ಕ್ಯಾಪ್ ಹಾಕಿಕೊಂಡು, ಕೊನೆಯ ಹತ್ತು ಕಿಲೋಮೀಟರ್ ಶುರುವಾಗುವ ಕಡೆ ಬಾಟಲಿ ಚಾಚಿ ನಿಂತೆ. ಮಗಳು ಪಕ್ಕದಲ್ಲಿ.

ದೂರದಲ್ಲಿ ಇಬ್ಬರು ಕಂಡರು. ಮುಂದೆ ಲೋಕಲ್ ಹುಡುಗಿಯೊಬ್ಬಳು, ಒಂದಷ್ಟು ಹಿಂದೆ ನಮ್ಮವಳು. ಮುಂದಿನವಳ ಬಾಟಲಿ ಆಗತಾನೇ ಯಾರದೋ ಕೈತಾಕಿ ಟೇಬಲ್ಲಿನ ಕೆಳಗೆ ಉರುಳಿತ್ತು. ಅವಳ ತುಟಿ ಒಡೆದಿತ್ತು, ಕಣ್ಣು ನನ್ನ ಕೈ ಮೇಲಿತ್ತು. ಎಷ್ಟು ಮದುವೆಗಳಲ್ಲಿ ಬಡಿಸಿದ ಕೈ ಇದು! ಅದು ನನ್ನನ್ನು ಕೇಳಲೇ ಇಲ್ಲ. ಕೊಟ್ಟುಬಿಟ್ಟಿತು.

“ಅಮ್ಮಾ! ಅವಳಿಗೆ ಯಾಕೆ ಕೊಟ್ಟೆ?” ಮಗಳು ಕಿರುಚಿದಳು.

“ಮುಂದೆ ಬಂದವಳನ್ನ ಬಿಟ್ಟು ಹಿಂದಿನವಳಿಗೆ ಹೇಗೆ ಕೊಡ್ಲೇ? ಪಂಕ್ತಿಭೇದ ಆಗಲ್ವಾ?”

“ಇದು ಮದುವೆ ಮನೆ ಅಲ್ಲಮ್ಮಾ, ರೇಸು!”

“ಸಾಲಾಗೇ ತಾನೇ ಬರ್ತಿರೋದು?”

ಅಷ್ಟರಲ್ಲಿ ನಮ್ಮವಳು ಬಂದೇಬಿಟ್ಟಳು. ನನ್ನ ಬರಿಗೈ ನೋಡಿ ಒಂದು ಮಾತು ಆಡಿದಳು. ಅದನ್ನು ಇಲ್ಲಿ ಬರೆಯಲಾರೆ. ಗಾಬರಿಯಲ್ಲಿ ನನ್ನ ಕಾನ್ವೆಂಟ್ ಇಂಗ್ಲಿಷೆಲ್ಲ ಆವಿಯಾಗಿ, “ಅಗೋ, ಅವಳ ಹತ್ರ ಇದೆ! ಹಿಡಿಯೇ, ಬಿಡಬೇಡ!” ಎಂದು ಕನ್ನಡದಲ್ಲೇ ಕೂಗಿ ಬೆರಳು ತೋರಿಸಿದೆ. ಬೆರಳು ಅರ್ಥವಾಯಿತು. ಅಲ್ಲಿಂದ ಓಟ ಕಿತ್ತಳು ನೋಡಿ, ಶಾಲೆಯಲ್ಲಿ ಪೆನ್ಸಿಲ್ ಕದ್ದವಳ ಹಿಂದೆ ಓಡುವ ಹಾಗೆ.

ಮಗಳು ಕಾರಿನಲ್ಲಿ ನನ್ನನ್ನು ಮುಕ್ತಾಯದ ಗೆರೆಯ ಹತ್ತಿರ ತಂದಿಳಿಸಿ, ಗಡಿಯಾರವನ್ನೇ ನೋಡುತ್ತಾ ನಿಂತಳು. ನಾನು ಚಾಮುಂಡಿಗೂ ಹೇಳಿಕೊಂಡೆ, ಹಳೆಯ ಅಭ್ಯಾಸದಲ್ಲಿ ಮೇರಿ ಮಾತೆಗೂ ಹೇಳಿಕೊಂಡೆ. ಒಬ್ಬ ಹೆಣ್ಣುಮಗಳ ಇಷ್ಟು ವರ್ಷದ ಬೆವರು ನನ್ನ ಒಂದು ಕೈಯಿಂದ ಮಣ್ಣುಪಾಲಾಯಿತೇನೋ.

ಬಂದರು. ಇಬ್ಬರೂ ಭುಜಕ್ಕೆ ಭುಜ ತಾಗಿಸಿಕೊಂಡೇ ಬಂದರು. ಗಡಿಯಾರದಲ್ಲಿ ನಮ್ಮವಳಿಗೆ ಬೇಕಾಗಿದ್ದ ಸಮಯಕ್ಕೆ ಇನ್ನೂ ಒಂದೆರಡು ಉಸಿರು ಬಾಕಿಯಿತ್ತು.

ಅವಳು ಕಂಬಿ ಹಿಡಿದು ಬಾಗಿ ಏದುತ್ತಾ, “ಆಂಟಿ, ನಿಮ್ಮನ್ನ ಕೊಂದೇಬಿಡ್ಬೇಕು ಅನ್ನಿಸ್ತು,” ಎಂದಳು. “ಆ ಸಿಟ್ಟಲ್ಲೇ ಅವಳನ್ನ ಹಿಡಿದೆ. ಅರ್ಧ ಬಾಟಲ್ ಉಳಿಸಿಟ್ಟಿದ್ಳು, ಕೊಟ್ಳು. ಆಮೇಲೆ ಕೊನೇವರೆಗೂ ಇಬ್ರೂ ನಿಮ್ಮನ್ನ ಬೈಕೊಂಡು ಜೊತೆಗೇ ಓಡಿದ್ವಿ.”

“ಅಯ್ಯೋ, ಅವಳ ಎಂಜಲು ಕುಡಿದ್ಯಾ?” ಎಂದೆ. ಮಗಳು ಹಣೆ ಚಚ್ಚಿಕೊಂಡಳು.

ತಂಡಕ್ಕೆ ಮಾತ್ರ ಅವಳು ಆಯ್ಕೆಯಾಗಲಿಲ್ಲವೆಂದು ಆಮೇಲೆ ತಿಳಿಯಿತು. ಆಯ್ಕೆ ಓಟ ಪೂರ್ತಿ ಮುಗಿಸಿದೆ, ಮನಸ್ಸು ತುಂಬಿತು ಎಂದು ಒಂದು ಮೆಸೇಜ್ ಬಂತು. ಗಂಡನನ್ನೂ ಕರೆಸಿಕೊಂಡು ಅವಳು ಅಮೆರಿಕದ ತನ್ನ ಊರಿನಲ್ಲೇ ನೆಲೆನಿಂತಳು. ಆದರೆ ನಾನು ಅವಳನ್ನು ಕೊನೆಯ ಸಲ ನೋಡಿದ್ದು ಅದಕ್ಕೂ ಮುಂಚೆ, ಅವಳು ಆ ಓಟಕ್ಕೆಂದು ಅಮೆರಿಕಕ್ಕೆ ಹೊರಟಾಗ, ಬ್ರಿಸ್ಬೇನ್ ಏರ್‌ಪೋರ್ಟಿನಲ್ಲಿ. ಅವಳು ಪರ್ತ್‌ನಿಂದ ಇಳಿದಿದ್ದಳು, ನಾನು ಅಲ್ಲೇ ಇರುವ ಮಗನ ಮನೆಗೆಂದು ಅಡಿಲೇಡ್‌ನಿಂದ. ನಮ್ಮ ಮಕ್ಕಳು ತಾಯಂದಿರನ್ನು ವಿಮಾನ ಹತ್ತಿಸುವಾಗ, ಕಾಲು ಎಷ್ಟೇ ಗಟ್ಟಿಯಿರಲಿ, ವೀಲ್‌ಚೇರ್ ಬುಕ್ ಮಾಡದೆ ಬಿಡುವುದಿಲ್ಲವಲ್ಲ. ನನಗೂ ಒಂದು ಕಾದಿತ್ತು. ಅವಳು ನೋಡಿದರೆ ಮೀನಖಂಡ ತಿಕ್ಕಿಕೊಳ್ಳುತ್ತಾ, ಆದಷ್ಟು ನಡೆಯಬೇಡ ಎಂದು ಕೋಚ್ ಹೇಳಿದ್ದಾರೆ ಎಂದಳು.

“ಹಾಗಾದ್ರೆ ಕೂತ್ಕೋ.”

“ಆಂಟಿ, ನೋ!”

“ಹೇಳಿದಷ್ಟು ಕೇಳು.”

ಕುರ್ಚಿ ತಳ್ಳುವವನು ಅವಳ ಕಾಲುಗಳನ್ನು ನೋಡಿದ, ನನ್ನ ನರೆಗೂದಲು ನೋಡಿದ. “ಪಾಪ, ಅವಳು ನಡೆಯೋ ಹಾಗಿಲ್ಲ,” ಎಂದು ಗಂಭೀರವಾಗಿ ಹೇಳಿದೆ. ಸುಳ್ಳೇನಲ್ಲವಲ್ಲ. ಅಂತರರಾಷ್ಟ್ರೀಯ ಟರ್ಮಿನಲ್ಲಿನ ಬಸ್ಸಿನವರೆಗೂ ಅವನು ತಳ್ಳಿದ. ನಾನು ಅವಳ ಚೀಲ ಹೆಗಲಿಗೇರಿಸಿ ಪಕ್ಕದಲ್ಲೇ ನಡೆದೆ. ನಗು ತಡೆಯಲಾರದೆ ಅವಳು ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡಿದ್ದಳು.