ಅಜ್ಜನ ಮಗ್ಗದ ಕುಣಿಯಲ್ಲಿ ನನ್ನ ಕುರ್ಚಿ

ಬನಹಟ್ಟಿಯ ನಮ್ಮ ಓಣಿಯಲ್ಲಿ ನಾನು ಅಣಕಿಸದ ನಡಿಗೆ ಇರಲಿಲ್ಲ. ಎದುರು ಮನೆಯ ಅತ್ತಿ ಕೊಡ ಹೊತ್ತು ವಾಲುವುದು, ಸಾಲಿ ಮಾಸ್ತರರು ಧೋತರ ಎತ್ತಿ ಕೆಸರು ದಾಟುವುದು, ಎಲ್ಲ ಮಾಡಿ ತೋರಿಸುತ್ತಿದ್ದೆ. ಹಾಗಾಗಿ ನನ್ನದೇ ಸೊಂಟ ಹಿಡಿದು, ಗೋಡೆಗೆ ಕೈಯೂರಿ ಹೊರಬಂದ ದಿನ ಯಾರೂ ನಂಬಲಿಲ್ಲ.

"ಏನ್ ಛಲೋ ಮಾಡ್ತಿಲೇ, ಥೇಟ್ ನಿಮ್ಮಜ್ಜ," ಅಂದಳು ಅತ್ತಿ.

"ಖರೇನ ನೋಯಾಕತ್ತೈತಿ ಬೇ."

"ದನೀನೂ ಅವರದ."

ಜಮಖಂಡಿಯ ಒಂದು ಪ್ರೆಸ್ಸಿಗೆ ಮನೆಯಲ್ಲೇ ಕುಳಿತು ಲಗ್ನಪತ್ರಿಕೆ, ಪುಸ್ತಕ ಟೈಪ್ ಮಾಡಿಕೊಡುತ್ತಿದ್ದೆ. ಮೇಜು ಎತ್ತರ, ಪ್ಲಾಸ್ಟಿಕ್ ಕುರ್ಚಿ ಗಿಡ್ಡ. ದಿಂಬು ಇಟ್ಟು ಕುಳಿತರೆ ಕೈಗೆ ಕೀಬೋರ್ಡ್ ಸಿಗುತ್ತಿತ್ತು, ಕಾಲಿಗೆ ನೆಲ ಸಿಗುತ್ತಿರಲಿಲ್ಲ. ಕೂಸಿನಂತೆ ಕಾಲಾಡಿಸುತ್ತ ಇಡೀ ದಿನ ಮುಂದಕ್ಕೆ ಬಾಗಿರುತ್ತಿದ್ದೆ. ಮುಧೋಳದ ಡಾಕ್ಟರು ಗುಳಿಗಿ ಕೊಟ್ಟು, "ಪಾದ ಪೂರ್ತಿ ಊರಬೇಕು, ಬೆನ್ನಿಗೆ ಆಸರ ಬೇಕು, ಪರದೆ ಕಣ್ಣಿನ ಸಮ ಇರಬೇಕು. ಕುಂತಲ್ಲೇ ಕುಂದರಬ್ಯಾಡ, ಆಗಾಗ ಏಳು" ಅಂದರು. ಅವ್ವ ಅದನ್ನು ತನಗೆ ಬೇಕಾದಂತೆ ಕೇಳಿಸಿಕೊಂಡಳು.

"ಈ ಪುಸ್ತಕ ಮುಗಿಸಿ ಕಂಪ್ಯೂಟರ್ ಮಾರಿಬಿಡು. ಮಾಮಾನ ಅಂಗಡ್ಯಾಗ ನಿಂತು ಬಟ್ಟಿ ಮಾರು."

ಆ ಮಾಮಾನನ್ನೂ ನಾನು ಅಣಕಿಸುತ್ತಿದ್ದೆ. ದಿನವಿಡೀ ಅವನೆದುರು ನಗದೇ ನಿಲ್ಲುವುದು ನನ್ನಿಂದಾಗದ ಕೆಲಸ. ಟೈಪಿಂಗ್ ಬಿಡುವುದಿಲ್ಲ ಎಂದು ಹಟ ಹಿಡಿದೆ.

ನಡುಮನೆಯಲ್ಲಿ ಅಜ್ಜನ ಕೈಮಗ್ಗದ ಕುಣಿ ಇತ್ತು. ಅಂಚಿನ ಮೇಲೆ ಕುಳಿತು, ಕಾಲು ಒಳಗಿಳಿಸಿ ನೇಯುವಂಥದ್ದು. ಪವರ್‌ಲೂಮ್ ಬಂದ ಮೇಲೆ ಮಗ್ಗ ಬಿಚ್ಚಿದ್ದರು. ಪೂಜೆ ಮಾಡಿದ ಕುಣಿಯನ್ನು ಮಣ್ಣು ಹಾಕಿ ಮುಚ್ಚಲು ಮನಸ್ಸಾಗದೆ ಅಜ್ಜ ಮೇಲೆ ಹಲಗೆ ಹಾಸಿದ್ದ. ನಾನು ಹಲಗೆ ಎತ್ತಿದೆ.

"ಅದರಾಗ ಕುಂತ ಕುಂತ ನಾ ಹಿಂಗ ಬಾಗೇನಿ," ಅಂದ ಅಜ್ಜ. "ನೀ ಬೆನ್ನ ನೆಟ್ಟಗ ಮಾಡ್ಕೊಳಾಕ ಅಲ್ಲೇ ಇಳೀತಿಯೇನಲೇ?"

"ನೀ ನೂಲಿನ ಎಳಿ ನೋಡಾಕ ಬಾಗಿದಿ. ನಾ ಪರದೇನ ಮ್ಯಾಲ ಏರಸ್ತೇನಿ."

"ಏರಸು. ಚಪ್ಪಲಿ ಹಾಕ್ಕೊಂಡ ಇಳದ್ರ ಮಾತ್ರ ಕಾಲ ಮುರೀತೇನಿ."

ಇಳಿಸಿದ ಕಾಲಿಗೆ ತಳ ಸಿಗಲಿಲ್ಲ. ಕುಣಿ ತೋಡಿದ್ದು ಅಜ್ಜನ ಉದ್ದ ಕಾಲಿಗೆ. ತಳಕ್ಕೆ ಇಟ್ಟಂಗಿ ಹಾಸಿದೆ. ಬೆನ್ನ ಹಿಂದಿನ ಗೋಡೆಗೆ ಕೌದಿ ಮಡಚಿಟ್ಟೆ. ಎದುರಿಗೆ ಟ್ರಂಕಿನ ಮೇಲೆ ಮಾನಿಟರ್, ಅಡ್ಡ ಹಲಗೆಯ ಮೇಲೆ ಕೀಬೋರ್ಡ್. ಆದರೂ ನೋವು ಅಷ್ಟು ಸುಲಭಕ್ಕೆ ಹೋಗಲಿಲ್ಲ, ಅದೂ ನನ್ನಷ್ಟೇ ಹಟಮಾರಿ. ಪುಟ ಮುಗಿದಾಗೆಲ್ಲ ಎದ್ದು ಹಿತ್ತಲಿಗೆ ಹೋಗಿ ಬರುತ್ತಿದ್ದೆ. ಪಕ್ಕದಲ್ಲಿ ಅಜ್ಜ ಕೋಲು ಹಿಡಿದು ಕುಳಿತಿರುತ್ತಿದ್ದ. ಸ್ವಲ್ಪ ಬಾಗಿದರೂ ತಿವಿಯುತ್ತಿದ್ದ, "ನನ್ನಂಗ ಆಗಾಕತ್ತಿ ನೋಡಲೇ."

ಪುಸ್ತಕ ಮುಗಿದ ದಿನ ಕಾಗದದ ಕಟ್ಟು ಬಗಲಲ್ಲಿ ಹಿಡಿದು ಜಮಖಂಡಿ ಬಸ್ಸಿಗೆ ಹೊರಟೆ, ನೆಟ್ಟಗೆ. ಅತ್ತಿ ಕಟ್ಟೆಯ ಮೇಲಿಂದ ನೋಡಿದಳು.

"ಇದ್ಯಾರ ನಡಿಗಿಲೇ? ಗುರ್ತ ಸಿಗವಲ್ದು."

"ನಂದ ಬೇ."

ಸಂಜೆ ಮರಳಿದಾಗ ಬಗಲಲ್ಲಿ ಟೈಪ್ ಮಾಡಬೇಕಾದ ಇನ್ನೊಂದು ಪುಸ್ತಕದ ಕಟ್ಟಿತ್ತು. ಅವ್ವ ಅದನ್ನು ನೋಡಿದಳು, ಮಾಮಾನ ಸುದ್ದಿ ತೆಗೆಯಲಿಲ್ಲ. ಕಸಬರಿಗೆ ತಗೊಂಡು ಕುಣಿಗಿಳಿದು, ಇಟ್ಟಂಗಿಯ ಮೇಲಿನ ಕಸ ಹೊಡೆದಳು.