ಮನೆಗೆ ಹೋಗುವ ಟೈರುಗಳು

ರಬ್ಬರಿನ ವಾಸನೆಗೆ ಮೂಗು ಮುಚ್ಚಿಕೊಳ್ಳುವವರೇ ಹೆಚ್ಚು. ಶಿಗೆನೊ ಒವಾದಾ ಅವರಿಗೆ ಅದು ಅಪ್ಪನ ವಾಸನೆ. ಬಂದರಿನ ಊರಿನಲ್ಲಿ ಅಪ್ಪನಿಗೆ ಸೈಕಲ್ ರಿಪೇರಿ ಅಂಗಡಿಯಿತ್ತು. ರಬ್ಬರ್ ಅಂಟು, ಟ್ಯೂಬ್ ಅದ್ದುವ ಬೋಗುಣಿಯ ಹಳಸಲು ನೀರು, ಇದ್ದಿಲ ಒಲೆಯ ಮೇಲೆ ಸುಡುತ್ತಿದ್ದ ಒಣಮೀನು, ಎಲ್ಲವೂ ಬೆರೆತು ಒಂದೇ ವಾಸನೆ. ನೀರಿನಲ್ಲಿ ಗುಳ್ಳೆ ಎಲ್ಲಿಂದ ಏಳುತ್ತದೆಂದು ಮೊದಲು ತೋರಿಸಿದ ಮಗುವಿಗೆ ಮೀನಿನ ಒಂದು ತುಂಡು. ತೋರಿಸುತ್ತಿದ್ದದ್ದು ಯಾವಾಗಲೂ ಶಿಗೆನೊ.

ಈಗ ಅವರಿಗೆ ಅರವತ್ತಾರು. ಭಾನುವಾರ ಬೆಳಗಿನ ಐದೂವರೆಗೆ ಕಾರಾಸುಮೊರಿ ಬೆಟ್ಟದ ಡ್ರಿಫ್ಟ್ ಮೈದಾನದಲ್ಲಿ ತಗಡಿನ ಶೆಡ್ಡಿನ ಬಾಗಿಲೆತ್ತುತ್ತಾರೆ. ತಣ್ಣಗಿನ ರಬ್ಬರಿನ ವಾಸನೆ ಮುಖಕ್ಕೆ ಬಡಿಯುತ್ತದೆ. ಕಣ್ಣು ಮುಚ್ಚಿ ಒಮ್ಮೆ ಉಸಿರೆಳೆದುಕೊಂಡು, ಕೈಗವಸು ತೊಟ್ಟು, ಗಾಳಿಯಂತ್ರದ ಗುಂಡಿ ಒತ್ತುತ್ತಾರೆ. ಅಷ್ಟರಲ್ಲಿ ಕೆಳಗಿನ ತಿರುವಿನಿಂದ ಮೊದಲ ಕಾರಿನ ಗುಡುಗು ಕೇಳಿಸುತ್ತದೆ.

ಕಾರನ್ನು ಅಡ್ಡಡ್ಡ ಜಾರಿಸುತ್ತಾ ತಿರುವು ದಾಟುವ ಈ ಆಟಕ್ಕೆ ಇಲ್ಲಿ ಸೇರುವವರಲ್ಲಿ ಮುಕ್ಕಾಲುಪಾಲು ಹೊರದೇಶದಿಂದ ಬಂದು ನೆಲೆಸಿದವರು. ವಾರವಿಡೀ ಬಿಡಿಭಾಗಗಳ ಕಾರ್ಖಾನೆಯಲ್ಲೋ, ವೃದ್ಧರ ಆರೈಕೆಯ ಮನೆಗಳಲ್ಲೋ, ಹಳೆ ಕಾರುಗಳ ಅಂಗಳದಲ್ಲೋ ದುಡಿಯುವ ಬ್ರೆಜಿಲ್, ಫಿಲಿಪೀನ್ಸ್, ಪಾಕಿಸ್ತಾನ, ಶ್ರೀಲಂಕಾದ ಜನ. ಬಾಡಿಗೆ ಮನೆಯ ಮುಂದೆ ಜಾಕ್ ಏರಿಸಿದರೆ ನೆರೆಯವರು ದೂರು ಕೊಡುತ್ತಾರೆ. ಪೇಟೆಯ ಟೈರು ಅಂಗಡಿಯವರು ಕಾರು ನೋಡಿದ ಕೂಡಲೇ ಎರಡೂ ಕೈಗಳನ್ನು ಅಡ್ಡ ಹಿಡಿದು ಆಗದು ಎನ್ನುತ್ತಾರೆ. ಉಳಿಯುವುದು ಈ ಶೆಡ್ಡು, ಅದರೊಳಗಿನ ಟೈರಜ್ಜಿ. ಅವರೆಲ್ಲ ಶಿಗೆನೊ ಅವರನ್ನು ಕರೆಯುವುದು ಹಾಗೆಯೇ.

"ಮೊದಲು ಗಂಡಸರು ನಾನು ಬಿಗಿ ಮಾಡಿದ ನಟ್ಟನ್ನ ನನ್ನೆದುರಿಗೇ ಇನ್ನೊಂದ್ಸಲ ಬಿಗಿ ಮಾಡ್ತಿದ್ರು. ಹೆಂಗಸಿನ ಕೈ ಅಂತ. ಈ ಹೊರಗಿನ ಹುಡುಗರು ಹಾಗೆ ಮಾಡ್ಲಿಲ್ಲ. ಅದಕ್ಕೇ ಇವರ ಮೇಲೆ ಸ್ವಲ್ಪ ಪಕ್ಷಪಾತ," ಎಂದು ನಗುತ್ತಾರೆ.

ದಿನಕ್ಕೆ ಐವತ್ತು ಟೈರು, ಒಂದಕ್ಕೆ ಏಳು ನಿಮಿಷ. ಇಪ್ಪತ್ತೇಳು ವರ್ಷದ ಈ ಲೆಕ್ಕವನ್ನು ಅವರ ಬಲಭುಜ ಮಳೆ ಬರುವ ಮುನ್ನ ನೆನಪಿಸುತ್ತದೆ. ನಟ್ಟು ಬಿಗಿ ಮಾಡಿದ ಮೇಲೆ ಕಾರಿನವರು ಪ್ರತಿಯೊಂದನ್ನೂ ಬೆರಳಿನಿಂದ ಮುಟ್ಟಿ ತಮ್ಮ ತಮ್ಮ ತಾಯಿನುಡಿಯಲ್ಲಿ ಐದರವರೆಗೆ ಎಣಿಸಬೇಕು. ಇದು ಶಿಗೆನೊ ಅವರ ಕಟ್ಟಳೆ. "ಕಲಿತ ಭಾಷೇಲಿ ಎಣಿಸಿದ್ರೆ ಬಾಯಿ ಎಣಿಸತ್ತೆ. ಹುಟ್ಟಿದ ಭಾಷೇಲಿ ಎಣಿಸಿದ್ರೆ ಕಣ್ಣೂ ಎಣಿಸತ್ತೆ." ಹಾಗಾಗಿ ಅವರಿಗೀಗ ಒಂಬತ್ತು ಭಾಷೆಗಳಲ್ಲಿ ಐದರವರೆಗೆ ಬರುತ್ತದೆ. ಆರು ಯಾವುದರಲ್ಲೂ ಬರುವುದಿಲ್ಲ.

ಇಲ್ಲಿ ಎಲ್ಲರೂ ಹಿಂದಿನ ಚಕ್ರಗಳನ್ನು ಎರಡು ಮೂರು ಜೊತೆ ತರುತ್ತಾರೆ. ಒಂದೆರಡು ಜೊತೆ ಮೈದಾನದಲ್ಲಿ ಜಾರಿಸಿ ಸುಡುವುದಕ್ಕೆ. ಅವು ಆಗಲೇ ಸವೆದ ಟೈರುಗಳು, ರಸ್ತೆಗೆ ಲಾಯಕ್ಕಲ್ಲ. ಇನ್ನೊಂದು ಜೊತೆ ಮನೆಗೆ ಹೋಗುವುದಕ್ಕೆ. ಬೆಳಿಗ್ಗೆ ಮನೆಯ ಜೊತೆಯನ್ನು ಬಿಚ್ಚಿ, ಸೀಮೆಸುಣ್ಣದ ಗೀಟೆಳೆದು ಎಡಗೋಡೆಗೆ ಒರಗಿಸುತ್ತಾರೆ. ಸಂಜೆಯ ತನಕ ಅದನ್ನು ಯಾರೂ ಮುಟ್ಟುವುದಿಲ್ಲ.

ಎಪ್ರಿಲ್ ಎರಡನೆಯ ಭಾನುವಾರ ಅದನ್ನು ಮುಟ್ಟಿದ್ದು ಸ್ವತಃ ಶಿಗೆನೊ.

ಮಧ್ಯಾಹ್ನದ ಜಡಿಮಳೆಯಲ್ಲಿ ಶೆಡ್ಡಿನ ಎಡಬದಿ ಸೋರಿ ಸೀಮೆಸುಣ್ಣದ ಗೀಟು ತೊಳೆದುಹೋಗಿದೆ. ಹನ್ನೊಂದು ಕಾರುಗಳು ಸಾಲಿನಲ್ಲಿವೆ. ಎವಾಲ್ಡೊನ ಕಾರಿಗೆ ಎರಡನೆಯ ಸರದಿಯ ಟೈರು ಹಾಕುವಾಗ ಅವರ ಕೈ ತಪ್ಪಿ ಎಡಗೋಡೆಗೆ ಹೋಗಿದೆ. ಎವಾಲ್ಡೊ ಬ್ರೆಜಿಲಿನವನು, ಮೂವತ್ತೊಂದು ವರ್ಷ. ಅವನೂ ನೋಡಲಿಲ್ಲ, ನಟ್ಟು ಎಣಿಸಿ ಹೊರಟೇಬಿಟ್ಟ. ಮೂರು ಗಂಟೆಗೆ ಹಿಂತಿರುಗಿ ಚಕ್ರ ಬಿಚ್ಚಿದಾಗ ಅವು ಮನೆಗೆ ಹೋಗುವ ಟೈರುಗಳೆಂದು ಇಬ್ಬರಿಗೂ ಗೊತ್ತಾಯಿತು. ರಬ್ಬರು ಸವೆದು ಒಳಗಿನ ತಂತಿ ಕಾಣುತ್ತಿತ್ತು.

"ಅಯ್ಯೋ, ಅಜ್ಜಿ!" ಎಂದವನು ಅಲ್ಲೇ ಕುಕ್ಕರುಗಾಲಿನಲ್ಲಿ ಕುಳಿತ.

ಸಂಚಾರ ಸುರಕ್ಷತೆಯ ವಾರ. ಕೆಳಗೆ ಸೇತುವೆಯ ಬಳಿ ಪೊಲೀಸರು ಒಂದೊಂದೇ ಕಾರು ನಿಲ್ಲಿಸಿ ನೋಡುತ್ತಿದ್ದಾರೆಂದು ಆಗಲೇ ಇಳಿದವರಿಂದ ಫೋನು ಬಂದಿತ್ತು. ಎವಾಲ್ಡೊ ಎರಡು ವರ್ಷದ ಹಿಂದೆ ಬೆಟ್ಟದ ರಸ್ತೆಯಲ್ಲಿ ಪಂದ್ಯ ಕಟ್ಟಿ ಕಾರು ಓಡಿಸುತ್ತಿದ್ದವನು. ಎರಡು ಸಲ ಸಿಕ್ಕಿಬಿದ್ದಿದ್ದ. ಆ ಚಟ ಬಿಡಿಸಿ ಮೈದಾನಕ್ಕೆ ಕರೆತಂದವರು ಶಿಗೆನೊ. "ಎದುರಿಗೆ ಬರೋನು ಹಾಲಿನ ಗಾಡಿಯವನು ಕಣೋ. ಅವನೇನು ನಿನ್ನ ಪಂದ್ಯಕ್ಕೆ ಹೆಸರು ಕೊಟ್ಟಿದ್ನಾ?" ಎಂದು ಕೇಳಿದ್ದರಂತೆ. ಅಂದಿನಿಂದ ಅವನ ಮೇಲೆ ಒಂದೂ ದೂರಿಲ್ಲ. ಈ ದೇಶದಲ್ಲಿ ಕಾಯಂ ನೆಲೆಸಲು ಅವನು, ಹೆಂಡತಿ, ಮಗಳು ಅರ್ಜಿ ಹಾಕಿ ಹದಿನಾಲ್ಕು ತಿಂಗಳು. ತೀರ್ಮಾನ ಯಾವ ದಿನವೂ ಬರಬಹುದು. ಈಗ ಇನ್ನೊಂದು ದಂಡದ ಚೀಟಿ ಬಿದ್ದರೆ ಅರ್ಜಿಯೇ ಬಿದ್ದುಹೋದೀತೆಂದು ವಕೀಲರು ಎಚ್ಚರಿಸಿದ್ದರು. ಸಂಜೆ ಏಳು ಗಂಟೆಗೆ ಕಾರ್ಖಾನೆಯ ಪಾಳಿ ಬೇರೆ. ಕಾರು ಹೊರುವ ಲಾರಿ ಬೆಳಿಗ್ಗೆಯೇ ಇನ್ಯಾರದೋ ಕೆಟ್ಟ ಕಾರು ಹೊತ್ತು ಊರಿಗೆ ಹೋದದ್ದು ಮರಳಿರಲಿಲ್ಲ.

"ಸವೆದದ್ದನ್ನೇ ಹಾಕಿ ಅಜ್ಜಿ, ನಿಧಾನ ಹೋಗ್ತೀನಿ. ಪೊಲೀಸ್ರು ನೋಡ್ದೆ ಇರಬಹುದು."

"ಪೊಲೀಸ್ರು ನೋಡದೆ ಇರಬಹುದು. ಮಳೆ ನೋಡದೆ ಇರತ್ತಾ?"

"ತಪ್ಪು ನನ್ದೇ, ನಾನೂ ನೋಡ್ಬೇಕಿತ್ತು."

"ಬಾಯ್ಮುಚ್ಚು. ಕೈ ನನ್ನದು, ತಪ್ಪೂ ನನ್ನದೇ."

ಮೈದಾನದ ಯಜಮಾನ ಗೊಂದೊ ಬಾವುಟ ಮಡಚುತ್ತಾ ಬಂದು ನಿಂತರು. ದಿನಕ್ಕೆ ಹತ್ತು ಮಾತು ಆಡಿದರೆ ಹೆಚ್ಚು ಎನ್ನಿಸುವ ಮನುಷ್ಯ. ಬೈಯುತ್ತಾರೇನೋ ಎಂದು ಎಲ್ಲರೂ ಹಿಂದೆ ಸರಿದರು. ಅವರು ಬೈಯಲಿಲ್ಲ, ಉಳಿದ ಟೈರುಗಳನ್ನು ಒಂದೊಂದಾಗಿ ಹೊರಳಿಸಿ ಅಳತೆ ಓದತೊಡಗಿದರು. ವೃದ್ಧರ ಆರೈಕೆಯ ಕೆಲಸ ಮಾಡುವ ಫಿಲಿಪೀನ್ಸಿನ ಹೆಂಗಸೊಬ್ಬಳು ದೀಪ ಹಿಡಿದಳು. ಒಂದೂ ಹೊಂದಲಿಲ್ಲ.

ಶಿಗೆನೊ ಶೆಡ್ಡಿನ ಹಿಂದೆ ಹೋದರು. ಅಲ್ಲಿ ಅವರದೇ ಬಿಳಿಯ ಟೊಯೋಟ ನಿಂತಿರುತ್ತದೆ. ಇಪ್ಪತ್ತೆರಡು ವರ್ಷ ಹಳೆಯದು, ನಲವತ್ತರ ವೇಗ ದಾಟಿದ್ದನ್ನು ಯಾರೂ ಕಂಡಿಲ್ಲ. ಹುಡುಗರೆಲ್ಲ ಅದನ್ನು ಬಾತುಕೋಳಿ ಎಂದು ಆಡಿಕೊಳ್ಳುತ್ತಾರೆ. ಎವಾಲ್ಡೊನದೂ ಅದೇ ಕಂಪನಿಯ ಹಳೆಯ ಸೆಡಾನ್, ಚಕ್ರದಲ್ಲಿ ಅದೇ ಐದು ತೂತು, ಅದೇ ಅಂತರ. ಕಾರನ್ನು ಜಾಕಿನ ಮೇಲೇರಿಸಿ ಹಿಂದಿನ ಎರಡೂ ಚಕ್ರ ಬಿಚ್ಚಿದರು. ಈ ಚಕ್ರಕ್ಕೆ ಇದರದೇ ನಟ್ಟು ಕೂರಬೇಕೆಂದು ನಟ್ಟುಗಳನ್ನೂ ತಂದರು. ಎವಾಲ್ಡೊನ ಕಾರಿಗೆ ಹಾಕಿ, ಚಕ್ರ ಬ್ರೇಕಿಗೆ ತಾಗುವುದಿಲ್ಲ ತಾನೇ ಎಂದು ಕೈಯಿಂದ ಮೂರು ಸುತ್ತು ತಿರುಗಿಸಿ ನೋಡಿದರು.

"ಅಜ್ಜಿ, ನೀವು ಮನೆಗೆ ಹೇಗೆ ಹೋಗ್ತೀರಿ?"

"ಬಾತುಕೋಳಿ ಮೊಟ್ಟೆ ಇಡೋಕೆ ಕೂತಿದೆ ಅಂದ್ಕೋ. ಎಣಿಸು."

"ಉಂ, ದೋಯಿಸ್, ತ್ರೇಸ್..." ಅವನು ತೋಳಿನಿಂದ ಮುಖ ಒರೆಸಿಕೊಂಡ. ಉಳಿದ ಎರಡನ್ನು ಶಿಗೆನೊ ಎಣಿಸಿದರು.

ಅವನು ಇಳಿದುಹೋದ ಮೇಲೆ ಯಾರೂ ಮನೆಗೆ ಹೊರಡಲಿಲ್ಲ. ಒಬ್ಬ ಗುಡಿಸಿದ ನೆಲವನ್ನೇ ಮತ್ತೆ ಗುಡಿಸಿದ. ಇನ್ನೊಬ್ಬ ಸೋರುವ ಎಡಬದಿಗೆ ತಾಡಪಾಲು ಕಟ್ಟಿದ. ಶಿಗೆನೊ ಅವರ ಕೈ ಅದೇ ಸ್ಪ್ಯಾನರನ್ನು ನಾಲ್ಕನೆಯ ಸಲ ಒರೆಸುತ್ತಿತ್ತು. ಮೂವತ್ತೈದು ನಿಮಿಷದ ಮೇಲೆ ಫೋನು ಬಂತು.

"ನಿಲ್ಸಿದ್ರು ಅಜ್ಜಿ! ಸೈಲೆನ್ಸರ್ ಸದ್ದು ಅಳೆದ್ರು, ಸರಿಯಿದೆ ಅಂದ್ರು. ಬಗ್ಗಿ ಟೈರ್ ನೋಡಿದ್ರು. ಇಷ್ಟು ಒಳ್ಳೆ ಟೈರು ಯಾರೂ ಇಟ್ಕೊಳಲ್ಲ, ಹುಷಾರಾಗಿ ಹೋಗಿ ಅಂದ್ರು. ಈಗ ಕಾರ್ಖಾನೆ ಗೇಟಲ್ಲಿದೀನಿ."

"ಮಗಳಿಗೆ ಫೋನ್ ಮಾಡಿದ್ಯಾ?"

"ಮೊದಲು ನಿಮಗೆ."

"ಪೆದ್ದ. ಇಡು ಫೋನ್, ಅವಳಿಗೆ ಮಾಡು."

ಶೆಡ್ಡಿನೊಳಗೆ ಎಲ್ಲರೂ ಒಟ್ಟಿಗೇ ಉಸಿರುಬಿಟ್ಟು ನಕ್ಕರು. ಶಿಗೆನೊ ಟೈರಿನ ರಾಶಿಯ ಮೇಲೆ ಕುಸಿದು ಕುಳಿತರು. ಬೆಳಗಿನಿಂದ ಕೂತದ್ದು ಅದೇ ಮೊದಲು.

ಏನಾದರೂ ಆಸೆ ಇದೆಯೇ ಎಂದರೆ ಅವರು ಬಲಭುಜ ಒತ್ತಿಕೊಳ್ಳುತ್ತಾರೆ. "ಈ ಭುಜ ಇನ್ನೊಂದು ಮೂರು ವರ್ಷ ನಡೀಲಿ. ಬೆಳಿಗ್ಗೆ ಬಂದೋರೆಲ್ಲ ಸಂಜೆ ಅವರವರ ಚಕ್ರದ ಮೇಲೇ ಮನೆಗೆ ಹೋಗ್ಲಿ. ಇಷ್ಟು ದಿನ ಹೋಗಿದಾರೆ." ಮತ್ತೆ ತಿದ್ದಿಕೊಳ್ಳುತ್ತಾರೆ: "ಒಂದ್ಸಲ ನನ್ನ ಚಕ್ರದ ಮೇಲೆ."

ಆ ಸಂಜೆ ಎಲ್ಲರೂ ಇಳಿದುಹೋದ ಮೇಲೆ ಶಿಗೆನೊ ಅವರನ್ನು ಮನೆಗೆ ಬಿಡಲು ಗೊಂದೊ ತಮ್ಮ ಪುಟ್ಟ ಟ್ರಕ್ಕು ತಂದು ನಿಲ್ಲಿಸಿದರು. ಶಿಗೆನೊ ಹತ್ತಿ ಕುಳಿತರು. ಗೊಂದೊ ಕೂಡಲೇ ಗಾಡಿ ಬಿಡಲಿಲ್ಲ. ಸೀಟಿನ ಹಿಂದಿನಿಂದ ಬಟ್ಟೆ ಸುತ್ತಿದ ತಮ್ಮ ಊಟದ ಡಬ್ಬಿ ತೆಗೆದು ಅವರ ಮಡಿಲಲ್ಲಿಟ್ಟರು. ಅನ್ನ, ಸುಟ್ಟ ಬಂಗುಡೆ, ಉಪ್ಪಿನ ಮೂಲಂಗಿ. ಬೆಳಿಗ್ಗೆ ಕಟ್ಟಿದ್ದು ಕಟ್ಟಿದ ಹಾಗೇ ಇತ್ತು.

"ನಿಮ್ಮ ಊಟ?" ಎಂದರು ಶಿಗೆನೊ.

"ನನ್ನದಾಯ್ತು," ಎಂದು ಗೊಂದೊ ಕಿಟಕಿಯಾಚೆ ನೋಡುತ್ತಾ ಊಟದ ಕಡ್ಡಿಗಳನ್ನೂ ಕೈಗಿತ್ತರು.